ಹೊಸ ಮಾಲಿನ ವಾಸನೆ

ಚಳಿಗಾಲದಲ್ಲಿ ಗ್ಯಾರೇಜಿನ ನೆಲದ ಮೇಲೆ ಮಲಗಿ ಕೆಲಸ ಮಾಡಿದವರಿಗೇ ಗೊತ್ತು, ಸಿಮೆಂಟಿನ ತಂಡಿ ಎಂಥ ಹಟಮಾರಿ ಎಂದು. ಮೊದಲು ಬೆನ್ನಿಗೆ ಹತ್ತುತ್ತದೆ. ಆಮೇಲೆ ಭುಜಕ್ಕೆ. ಬೆರಳಿಗೆ ಇಳಿಯುವ ಹೊತ್ತಿಗೆ, ಕೈಯಲ್ಲಿರುವುದು ಸ್ಪ್ಯಾನರೋ ಸ್ಕ್ರೂಡ್ರೈವರೋ ಎಂದು ಕಣ್ಣಿಂದ ನೋಡಿಯೇ ತಿಳಿಯಬೇಕು. ಕೆಳಗೆ ಹಾಸಿಕೊಳ್ಳಲು ವೈರಣ್ಣನ ಹತ್ತಿರ ಒಂದು ರಟ್ಟು ಇತ್ತು. ಬ್ಯಾಟರಿಯ ಆಸಿಡ್ಡು ಬಿದ್ದು ಅದರ ನಡುವೆ ತೂತಾಗಿತ್ತು. ಹೇಗೆ ತಿರುಗಿಸಿ ಹಾಸಿದರೂ ಆ ತೂತು ಸರಿಯಾಗಿ ಅವನ ಸೊಂಟದ ಕೆಳಗೇ ಬರುತ್ತಿತ್ತು.

ಗಾಡಿಯ ಕೆಳಗಿನಿಂದ ಅವನಿಗೆ ಗಾಜಿನ ಕೋಣೆ ಕಾಣುತ್ತಿತ್ತು. ಪೂರ್ತಿ ಅಲ್ಲ. ಒಂದು ಜೊತೆ ಬೂಟು, ಚಕ್ರವಿರುವ ಆಫೀಸು ಕುರ್ಚಿಯ ಕಾಲು, ಅದರ ಪಕ್ಕ ಕೆಂಪಗೆ ಉರಿಯುವ ಕರೆಂಟಿನ ಹೀಟರು, ಅಷ್ಟೇ. ಬೂಟಿನ ಮೇಲೆ ಎಣ್ಣೆಯ ಒಂದು ಚುಕ್ಕೆಯೂ ಇರಲಿಲ್ಲ.

ಆ ಬೂಟುಗಳ ಮೇಲೆ ವೈರಣ್ಣನಿಗಿದ್ದ ಸಿಟ್ಟು ಅಷ್ಟಿಷ್ಟಲ್ಲ.

ಬೂಟಿನೊಳಗಿದ್ದವನು ಹೋದ ಮಳೆಗಾಲದಲ್ಲಿ ಕೆಲಸಕ್ಕೆ ಸೇರಿದವನು. ಗಾಡಿಗೆ ಸಿಕ್ಕಿಸಿ ದೋಷ ಓದುವ ಸ್ಕ್ಯಾನರ್ ಯಂತ್ರ ಅವನ ಸುಪರ್ದಿಯಲ್ಲಿತ್ತು. ಗಿರಾಕಿಗಳು ಅವನನ್ನು 'ಸ್ಕ್ಯಾನರ್ ಸಾರ್' ಎನ್ನುತ್ತಿದ್ದರು. ವೈರಣ್ಣ ಮನಸ್ಸಿನಲ್ಲಿ 'ಡಬ್ಬಿ' ಎನ್ನುತ್ತಿದ್ದ. ಅವನು ಬರುವ ಮುಂಚೆ ಗ್ಯಾರೇಜಿನ ಅಷ್ಟೂ ವೈರಿಂಗು ವೈರಣ್ಣನ ಕೈಯಲ್ಲಿತ್ತು. ಹಾರ್ನು ಅರಚುವುದು ನಿಲ್ಲಲಿಲ್ಲವೆಂದರೆ ಅವನು, ಹೆಡ್‌ಲೈಟು ಕಣ್ಣುಮುಚ್ಚಿದರೆ ಅವನು. ಡ್ರೈವರುಗಳು ಗೇಟಿನಿಂದಲೇ "ವೈರಣ್ಣ ಇದಾನಾ?" ಎಂದು ಕೂಗಿಕೊಂಡು ಬರುತ್ತಿದ್ದರು. ಈಗ ಬಂದವರು ಮೊದಲು ಕಾಲು ಒರೆಸಿಕೊಂಡು ಗಾಜಿನ ಕೋಣೆಗೆ ಹೋಗುತ್ತಿದ್ದರು. ಡಬ್ಬಿ ಏನು ಬೇಕೋ ಓದುತ್ತಿದ್ದ. ಯಜಮಾನರು ಏನು ಬೇಕೋ ಹೇಳುತ್ತಿದ್ದರು. ವೈರಣ್ಣ ಹೇಳಿದ್ದನ್ನು ಬಿಚ್ಚುತ್ತಿದ್ದ, ಹೇಳಿದ್ದನ್ನು ಹಾಕುತ್ತಿದ್ದ.

ನ್ಯಾಯವಾಗಿ ಹೇಳಬೇಕೆಂದರೆ ಡಬ್ಬಿ ಅವನಿಗೆ ಯಾವ ಕೇಡೂ ಮಾಡಿರಲಿಲ್ಲ. ಎದುರಿಗೆ ಸಿಕ್ಕಾಗ "ನಮಸ್ಕಾರ ಅಣ್ಣ" ಎನ್ನುತ್ತಿದ್ದ. ವೈರಣ್ಣ ಆ ನಮಸ್ಕಾರವನ್ನು ಕೇಳಿಸದವನ ಹಾಗೆ ದಾಟಿ ಹೋಗುತ್ತಿದ್ದ. ಹೀಗೇ ಅವರಿಬ್ಬರ ನಡುವೆ ಮಾತು ನಿಂತುಹೋಗಿತ್ತು. ಜಗಳ ಆಡಿ ನಿಂತದ್ದಲ್ಲ. ಶುರುವಾಗದೆ ನಿಂತದ್ದು.

ಬ್ರೆಡ್ಡಕ್ಕ ಬಂದದ್ದು ಅಂಥ ಒಂದು ಬೆಳಿಗ್ಗೆ. ಬೇಕರಿ ಫ್ಯಾಕ್ಟರಿಯಿಂದ ಅಂಗಡಿಗಳಿಗೆ ಬ್ರೆಡ್ಡು ಮುಟ್ಟಿಸುವ ಡೀಸೆಲ್ ವ್ಯಾನು ಅವಳದು. ಗಂಡ ಓಡಿಸುತ್ತಿದ್ದ ಗಾಡಿ. ಅವನು ಹೋದ ಮೇಲೆ ಸ್ಟೇರಿಂಗು ಅವಳ ಕೈಗೆ ಬಂದಿತ್ತು.

"ವೈರಣ್ಣಾ, ಬೆಳಿಗ್ಗೆ ಹೊತ್ತು ಏಳಲ್ಲ ಅಂತ ಹಟ ಹಿಡಿದಿದೆ ಇದು. ಥೇಟ್ ನನ್ನ ಮಗಳೇ."

"ಕೀ ತಿರುಗಿಸಿದಾಗ ಸುರುಳಿ ದೀಪ ಏನ್ ಮಾಡುತ್ತೆ?"

"ಮಿಣಮಿಣ ಅಂತ ಕಣ್ಣು ಹೊಡೆಯುತ್ತೆ. ಈ ವಯಸ್ಸಲ್ಲಿ ನಂಗೆ ಕಣ್ಣು ಹೊಡೆಯೋದು ಅದೊಂದೇ ನೋಡು."

ವೈರಣ್ಣ ನಕ್ಕ. ನಗುತ್ತಲೇ ಬಾನೆಟ್ಟಿಗೆ ಕೈ ಹಾಕಿದ. ಅಷ್ಟರಲ್ಲಿ ಯಜಮಾನರು ಒಳಗಿನಿಂದ ಚಿಟಿಕೆ ಹೊಡೆದರು. "ಮುಟ್ಬೇಡ. ಸಾರ್ ನೋಡ್ಲಿ ಮೊದ್ಲು."

ಡೀಸೆಲ್ ಎಂಜಿನ್ನಿಗೆ ಚಳಿಯಲ್ಲಿ ಸುಮ್ಮನೆ ಬೆಂಕಿ ಹಿಡಿಯುವುದಿಲ್ಲ. ಒಂದೊಂದು ಸಿಲಿಂಡರಿಗೆ ಬೆರಳುದ್ದದ ಒಂದೊಂದು ಹೀಟರ್ ಪ್ಲಗ್ಗು ಇರುತ್ತದೆ. ಅದು ಕಾದು ಕೆಂಪಾಗಿ ಒಳಗನ್ನು ಬೆಚ್ಚಗೆ ಮಾಡಬೇಕು. ಕಾಯುವಷ್ಟು ಹೊತ್ತು ಡ್ಯಾಶ್‌ಬೋರ್ಡಿನಲ್ಲಿ ಸುರುಳಿ ದೀಪ ಉರಿಯುತ್ತದೆ. ಆ ಪ್ಲಗ್ಗುಗಳಿಗೆ ಕರೆಂಟು ಬಿಡಲು ಅಂಗೈಯಗಲದ ಒಂದು ಕಂಟ್ರೋಲ್ ಬಾಕ್ಸು. ಎಂಜಿನ್ನಿನ ಕಂಪ್ಯೂಟರು ತೆಳ್ಳನೆಯ ಒಂದು ವೈರಿನಲ್ಲಿ ಬಾಕ್ಸಿಗೆ 'ಕಾಯಿಸು' ಎನ್ನಬೇಕು. ಬಾಕ್ಸು ಅದೇ ವೈರಿನಲ್ಲಿ 'ಕಾಯಿಸಿದೆ' ಎನ್ನಬೇಕು. ಆ ಮಾತು ನಿಂತರೆ ಪ್ಲಗ್ಗು ತಣ್ಣಗೆ ಕೂತಿರುತ್ತದೆ, ಎಂಜಿನ್ನು ಕೆಮ್ಮಿ ಕೆಮ್ಮಿ ಸುಮ್ಮನಾಗುತ್ತದೆ.

ಡಬ್ಬಿ ಸ್ಕ್ಯಾನರ್ ಸಿಕ್ಕಿಸಿ ಓದಿದ. "ಹೀಟರ್ ಕಂಟ್ರೋಲ್ ಬಾಕ್ಸ್ ಜೊತೆ ಸಂಪರ್ಕ ಕಡಿದಿದೆ."

"ಹಂಗಂದ್ರೆ?" ಬ್ರೆಡ್ಡಕ್ಕ ಕೇಳಿದಳು.

"ಕಂಪ್ಯೂಟರೂ ಬಾಕ್ಸೂ ಮಾತಾಡ್ಕೊಳ್ತಿಲ್ಲ ಮೇಡಂ. ಯಾಕೆ ಅಂತ ಇನ್ನೂ..."

"ಬಾಕ್ಸ್ ಸತ್ತಿದೆ ಅಂತ ತಾಯಿ," ಯಜಮಾನರು ಮೆತ್ತಗೆ ಹೇಳಿದರು. ಅವರ ದನಿ ಯಾವಾಗಲೂ ಮೆತ್ತಗೆ, ಅವರ ಉಣ್ಣೆಯ ಸ್ವೆಟರಿನ ಹಾಗೆ. "ಹೊಸದು ಹಾಕಿಸ್ಬಿಡಿ. ಮಶಿನ್ನೇ ಹೇಳ್ತಿದೆ, ನಾವೇನು ನಮ್ಮ ಬಾಯಿಂದ ಹೇಳ್ತಿದೀವಾ?"

ಡಬ್ಬಿ ತೆರೆದ ಬಾಯಿ ಮುಚ್ಚಿದ. ಅವನು ಅರ್ಧಕ್ಕೆ ನುಂಗಿದ ಮಾತು ವೈರಣ್ಣನ ಕಿವಿಗೆ ಬೀಳಲೇ ಇಲ್ಲ. ಬಿದ್ದದ್ದು 'ಮೇಡಂ' ಒಂದೇ. ನಮ್ಮ ಬ್ರೆಡ್ಡಕ್ಕನಿಗೆ ಮೇಡಂ ಅಂತೆ, ಅವಳೂ ಸೆರಗು ಸರಿಮಾಡ್ಕೊಂಡು ನಿಂತಿದಾಳೆ, ನೋಡು!

"ಬಾಕ್ಸ್ ತುಂಬಾ ದುಬಾರಿ ಆಗುತ್ತಲ್ಲಾ ಯಜಮಾನ್ರೆ."

"ಬೇಡ ಅಂದ್ರೆ ಬಿಡಿ. ಬೆಳಗಿನ ಜಾವ ಬೇಕರಿ ಗೇಟಲ್ಲಿ ಗಾಡಿ ನಿಂತು ಹೋದ್ರೆ ನಮ್ಮನ್ನ ಕೇಳ್ಬೇಡಿ."

ಬ್ರೆಡ್ಡಕ್ಕ ವ್ಯಾನಿನ ಕೀಯನ್ನು ವೈರಣ್ಣನ ಕೈಗೆ ಕೊಟ್ಟಳು. ತಂಗಿಯ ಹೊಲಿಗೆ ಮಶಿನ್ನು ಮಾರಲು ಹೊರಟಳು. ತಂಗಿ ಒಪ್ಪುತ್ತಾಳೋ ಇಲ್ಲವೋ ಎಂದು ಗೊಣಗುತ್ತಾ ನಡೆದೇ ಹೋದಳು, ಗಾಡಿ ಇಲ್ಲಿತ್ತಲ್ಲ.

ಮಧ್ಯಾಹ್ನ ಯಜಮಾನರು ಊಟಕ್ಕೆ ಮನೆಗೆ ಹೋದರು. ಡಬ್ಬಿ ಗಾಜಿನ ಕೋಣೆಯಲ್ಲಿ ಒಬ್ಬನೇ ಬುತ್ತಿ ಬಿಚ್ಚಿದ. ಹೊರಗೆ ಮೆಕ್ಯಾನಿಕ್ಕುಗಳು, ಡ್ರೈವರುಗಳು ಟೈರುಗಳ ಮೇಲೆ ವೃತ್ತವಾಗಿ ಕೂತು ಒಬ್ಬರ ಡಬ್ಬದಿಂದ ಒಬ್ಬರು ಕಿತ್ತುಕೊಂಡು ತಿನ್ನುತ್ತಿದ್ದರು. ವೈರಣ್ಣ ಊಟಕ್ಕೆ ಕೂರಲಿಲ್ಲ. ತನ್ನ ದಬ್ಬಣ ತೆಗೆದ.

ದಬ್ಬಣ ಎಂದರೆ ಅವನ ಟೆಸ್ಟ್ ಲ್ಯಾಂಪು. ಗೋಣಿ ಹೊಲಿಯುವ ದಬ್ಬಣಕ್ಕೆ ವೈರು ಬೆಸೆದು, ಇನ್ನೊಂದು ತುದಿಗೆ ಇಂಡಿಕೇಟರಿನ ಬಲ್ಬು ಕಟ್ಟಿ ತಾನೇ ಮಾಡಿಕೊಂಡದ್ದು. ಕರೆಂಟು ಇದ್ದ ಕಡೆ ಚುಚ್ಚಿದರೆ ಬಲ್ಬು ಹತ್ತುತ್ತದೆ, ಇಲ್ಲದ ಕಡೆ ಇಲ್ಲ. ಹಳೆಯ ಗಾಡಿಗಳ ಕಾಲದಲ್ಲಿ ಅಷ್ಟು ಸಾಕಾಗಿತ್ತು.

ಬಾಕ್ಸಿನ ಸಾಕೆಟ್ಟು ಎಳೆದ. ಬ್ಯಾಟರಿಯಿಂದ ಬರುವ ದಪ್ಪ ವೈರಿಗೆ ಚುಚ್ಚಿದ. ಬಲ್ಬು ಝಗ್ ಎಂದು ಹತ್ತಿತು. ಲ್ಯಾಂಪಿನ ಇನ್ನೊಂದು ತುದಿಯನ್ನು ಬಾಕ್ಸಿನಿಂದ ಕರೆಂಟು ಮರಳುವ ಅರ್ತ್ ಬೋಲ್ಟಿಗೆ ಹಿಡಿದ. ಬಲ್ಬು ಸಾಯುವವನ ಕಣ್ಣಿನ ಹಾಗೆ ಮಂಕಾಯಿತು. ಬಗ್ಗಿ ನೋಡಿದ. ಬ್ಯಾಟರಿಯ ಆಸಿಡ್ಡು ಸೋರಿ ಬೋಲ್ಟಿನ ಕೆಳಗೆಲ್ಲ ಹಸಿರು ಹಸಿರು ತುಕ್ಕು. ಬಿಚ್ಚಿದ, ಮರಳು ಕಾಗದದಲ್ಲಿ ಉಜ್ಜಿದ, ಬಿಗಿದ. ಬಲ್ಬು ಝಗ್ ಎಂದಿತು.

ಅಲ್ಲಿಗೆ ನಿಲ್ಲಿಸಬಹುದಿತ್ತು. ದೋಷ ಸಿಕ್ಕಿತ್ತು.

ಆದರೆ ಗಾಜಿನಾಚೆ ಆ ಬೂಟುಗಳು ಹೀಟರಿನ ಕಡೆ ಇನ್ನಷ್ಟು ಚಾಚಿಕೊಂಡವು. ವೈರಣ್ಣ ದಬ್ಬಣವನ್ನು ಮತ್ತೆ ಕೈಗೆತ್ತಿಕೊಂಡ. ಮಶಿನ್ ಏನು ನೋಡುತ್ತೋ ಅದನ್ನೆಲ್ಲ ನನ್ನ ದಬ್ಬಣ ನೋಡುತ್ತೆ. ಒಂದು ತೂತೂ ಬಿಡಲ್ಲ ಇವತ್ತು. ಅವನು ಸಾಕೆಟ್ಟಿನ ಒಂದೊಂದು ಬಾಯಿಗೂ ದಬ್ಬಣ ತೂರಿಸಿದ. ತೆಳ್ಳನೆಯ ವೈರಿನ ಪುಟ್ಟ ಬಾಯಿಗೆ ಅದು ಹೋಗಲು ಒಲ್ಲೆ ಎಂದಿತು. ತಿರುಗಿಸಿ, ಒತ್ತಿ, ಹೋಗಿಸಿದ.

ಯಜಮಾನರು ವಾಪಸ್ಸು ಬಂದಾಗ ವ್ಯಾನು ಗುರ್ರೆನ್ನುತ್ತಾ ನಿಂತಿತ್ತು.

"ಬಾಕ್ಸ್ ಚೆನ್ನಾಗಿದೆ ಯಜಮಾನ್ರೆ. ಅರ್ತ್ ತುಕ್ಕು ಹಿಡಿದಿತ್ತು ಅಷ್ಟೇ. ನೋಡಿ, ಒಂದೇ ಕೀಗೆ ಎದ್ದಿದೆ."

ಯಜಮಾನರು ಎಂಜಿನ್ನಿನ ಸದ್ದನ್ನು ಮೆಚ್ಚಿದವರ ಹಾಗೆ ತಲೆಯಾಡಿಸಿದರು. "ಒಳ್ಳೇದಾಯ್ತು. ಈಗ ಹೊಸ ಬಾಕ್ಸ್ ಹಾಕು."

"ಅಲ್ಲ, ಹಳೇದೇ..."

"ಸಾರ್ ಹೇಳಿದಾರೆ. ಸಾರ್ ರಿಪೋರ್ಟಿಗೆ ಸೈನ್ ಹಾಕಿದಾರೆ. ಅವರಿಗಿಂತ ನಿಂಗೆ ಜಾಸ್ತಿ ಗೊತ್ತಾ?"

ಆ ಮಾತು ಎಲ್ಲಿ ತಾಗಬೇಕೋ ಅಲ್ಲಿ ತಾಗಿತು. ತಾಗಲಿ ಎಂದೇ ಅವರು ಆಡಿದ್ದು. 'ಬ್ರೆಡ್ಡಕ್ಕನಿಗೆ ಮೋಸ ಆಗುತ್ತೆ' ಎಂದು ಹೇಳಲು ವೈರಣ್ಣನಿಗೆ ಬಾಯಿ ಇತ್ತು. ಆ ಹೊತ್ತಿನಲ್ಲಿ ಅವನ ತಲೆಗೆ ಬಂದದ್ದೇ ಬೇರೆ. ಹಾಕೋಣ ಬಿಡು. ಸೈನ್ ಅವನದು. ನಾಳೆ ಏನಾದರೂ ಆದರೆ ಕುತ್ತಿಗೆಯೂ ಅವನದೇ.

ಬಾಕ್ಸು ಬದಲಾಯಿಸಿದ. ಬಿಚ್ಚಿದ ಬಾಕ್ಸನ್ನು ರೂಢಿಯಂತೆ ಹಿಂದಿನ ಶೆಡ್ಡಿಗೆ ಒಯ್ದು, ಥಿನ್ನರಿನಲ್ಲಿ ತೊಳೆದು, ಬಟ್ಟೆಯಲ್ಲಿ ಒರೆಸಿ ಯಜಮಾನರ ಕಪಾಟಿನಲ್ಲಿಟ್ಟ. ರಿಪೇರಿಗೆ ಕಂಪನಿಗೆ ಹೋಗುವ ಮಾಲು ಕೊಳಕಾಗಿರಬಾರದು ಎಂದು ಅವರು ಯಾವತ್ತೋ ಹೇಳಿದ್ದರು.

ಸಂಜೆ ಬ್ರೆಡ್ಡಕ್ಕ ಬಂದು ದುಡ್ಡು ಕೊಟ್ಟು ಗಾಡಿ ಒಯ್ದಳು. ಅವಳ ಮುಖ ನೋಡಬೇಕಾಗುತ್ತದೆಂದು ವೈರಣ್ಣ ಕೆಲಸವೇ ಇಲ್ಲದ ಒಂದು ಗಾಡಿಯ ಕೆಳಗೆ ನುಗ್ಗಿ ಮಲಗಿದ್ದ.

"ಆ ಕುರ್ಚಿಗೆ ಚಕ್ರ ಇದೆ ಕಣೆ. ಕೂತಲ್ಲಿಂದಲೇ ಕಾಲಲ್ಲಿ ತಳ್ಕೊಂಡು ಆ ಕಡೆ ಹೋಗ್ತಾನೆ, ಈ ಕಡೆ ಬರ್ತಾನೆ," ಅವತ್ತು ಮನೆಯಲ್ಲಿ ಅವನು ಹೆಂಡತಿಗೆ ಹೇಳಿದ.

ಅವಳು ಬೇರೆಯವರ ಬಟ್ಟೆಗಳಿಗೆ ಇಸ್ತ್ರಿ ಹಾಕುತ್ತಿದ್ದಳು. ಒಂದೇ ಕೋಣೆಯ ಮನೆ. ಇಸ್ತ್ರಿ ಮೇಜು ಹಾಕಿದರೆ ಮಂಚ ಮಡಚಬೇಕು. "ರೀ, ಆ ಪುಣ್ಯಾತ್ಮನ ಹೆಸರೆತ್ತದೆ ನಿಮಗೆ ಒಂದು ತುತ್ತೂ ಇಳಿಯಲ್ವಾ? ಉಪ್ಪಿನಕಾಯಿ ಬದಲು ಅವನನ್ನೇ ನಂಚ್ಕೊಳ್ತೀರಲ್ಲ."

"ಹೀಟರ್ ಕೊಟ್ಟಿದಾರೆ ಅವನಿಗೆ."

"ಕೊಡ್ಲಿ. ನಿಮಗೆ ಸ್ವಂತದ್ದೇ ಇದೆಯಲ್ಲ, ಹೊಟ್ಟೆ ಒಳಗೆ. ಕರೆಂಟ್ ಖರ್ಚೂ ಇಲ್ಲ."

"ತಮಾಷೆನಾ ನಿಂಗೆ?"

"ಗ್ಯಾರೇಜಿನೋರು ವೈರ್ ಕೆಲಸಕ್ಕೆ ವೈರಣ್ಣ ಅಂತ ಹೆಸರಿಟ್ರು. ನೀವು ನೋಡಿದ್ರೆ ನಿಜವಾದ ವೈರಕ್ಕೇ ಇಳಿದುಬಿಟ್ರಿ." ಅವಳು ಅಂಗಿಯ ಕಾಲರಿಗೆ ನೀರು ಚಿಮುಕಿಸಿದಳು. ಇಸ್ತ್ರಿ ಸುಯ್ ಎಂದಿತು. "ಅವನಿಗೆ ಎಷ್ಟು ಕೊಡ್ತಾರಂತೆ?"

"ನಂಗೇನು ಗೊತ್ತು."

"ಅವನನ್ನೇ ಕೇಳ್ಬಾರ್ದಾ?"

ಕೇಳುವುದೆಂದರೆ ಮಾತಾಡುವುದು. ವೈರಣ್ಣ ತಟ್ಟೆಯಲ್ಲೇ ಕೈ ತೊಳೆದ.

ವಾರ ಕಳೆದಿರಲಿಲ್ಲ. ಬ್ರೆಡ್ಡಕ್ಕನ ವ್ಯಾನನ್ನು ನೀರಿನ ಟ್ಯಾಂಕರಿನವನು ಹಗ್ಗ ಕಟ್ಟಿ ಎಳೆದುಕೊಂಡು ಬಂದ. ಹಿಂದಿನ ಬಾಗಿಲ ಸಂದಿಯಿಂದ ಬ್ರೆಡ್ಡಿನ ವಾಸನೆ ಬರುತ್ತಿತ್ತು. ಮಾಲು ಒಳಗೇ ಇತ್ತು. ಅಂಗಡಿಗಳಿಗೆ ಹೋಗಬೇಕಾದ ಹೊತ್ತು ಮೀರಿ ಬಿಸಿಲು ಬಂದಿತ್ತು.

ಬ್ರೆಡ್ಡಕ್ಕ ಇಳಿದಳು. ಅವತ್ತು ತಮಾಷೆಯ ಮಾತಿರಲಿಲ್ಲ. "ಫ್ಯಾಕ್ಟರಿ ಸೂಪರ್‌ವೈಸರ್ ಹೇಳಿಬಿಟ್ಟ. ಇವತ್ತು ಸಾಯಂಕಾಲದೊಳಗೆ ಗಾಡಿ ಸರಿಯಾಗಿ ಬಂದು ನಿಲ್ಬೇಕಂತೆ. ಇಲ್ದಿದ್ರೆ ನಾಳೆಯಿಂದ ಬೇರೆ ವ್ಯಾನು."

ಡಬ್ಬಿ ಓಡಿಬಂದು ಸ್ಕ್ಯಾನರ್ ಸಿಕ್ಕಿಸಿದ. ಅದೇ ಸಾಲು. ಸಂಪರ್ಕ ಕಡಿದಿದೆ.

"ಹೊಸ ಬಾಕ್ಸಲ್ವೇನ್ರಿ ಹಾಕಿದ್ದು?" ಬ್ರೆಡ್ಡಕ್ಕ ಕಿರುಚಿದಳು. "ನನ್ನ ತಂಗಿ ಮಶಿನ್ ಹೋಯ್ತಲ್ರೀ!"

ಎಲ್ಲರೂ ಡಬ್ಬಿಯ ಕಡೆ ನೋಡಿದರು. ಡಬ್ಬಿ ನೆಲ ನೋಡಿದ. ಅವನ ಕಿವಿ ಕೆಂಪಗಾಗಿತ್ತು. ವೈರಣ್ಣ ಕೈ ಒರೆಸುವ ಬಟ್ಟೆಯ ಮರೆಯಲ್ಲಿ ಮುಖ ಒರೆಸಿಕೊಂಡ. ಒರೆಸಿಕೊಂಡದ್ದಲ್ಲ, ನಗು ಮುಚ್ಚಿಕೊಂಡದ್ದು. ಅಷ್ಟು ಸಂತೋಷ ಅವನಿಗೆ ತನ್ನ ಮದುವೆಯ ದಿನವೂ ಆಗಿರಲಿಲ್ಲ.

ಯಜಮಾನರು ಅವನನ್ನು ತಮ್ಮ ಕೋಣೆಗೆ ಕರೆದು ಬಾಗಿಲು ಹಾಕಿದರು. ಕೂರಲು ಹೇಳಿದರು. ಅವರ ಎದುರು ಅವನು ಕೂತದ್ದು ಅದೇ ಮೊದಲು.

"ಓದಿದವರನ್ನ ನಂಬಿ ಕೆಟ್ಟೆ ವೈರಣ್ಣ. ನೀನು ಅವತ್ತೇ ಹೇಳಿದ್ದೆ."

ವೈರಣ್ಣನ ಎದೆ ಅಂಗಿಯೊಳಗೆ ಸ್ವಲ್ಪ ದೊಡ್ಡದಾಯಿತು.

"ಈಗ ಒಂದು ಕೆಲಸ ಮಾಡು. ಆಯಮ್ಮನ ಮುಂದೆ, ಡ್ರೈವರ್‌ಗಳ ಮುಂದೆ ಹೇಳು, ಸ್ಕ್ಯಾನರ್‌ನವನು ತಪ್ಪು ಓದಿದ, ಅದರಿಂದಲೇ ಬಾಕ್ಸ್ ಸುಟ್ಟೋಯ್ತು ಅಂತ. ಇನ್ನೊಂದು ಬಾಕ್ಸ್ ಹಾಕೋಣ. ಅರ್ಧ ಆಯಮ್ಮ ಕೊಡ್ಲಿ, ಅರ್ಧ ಅವನ ಸಂಬಳದಲ್ಲಿ ಹಿಡಿತೀನಿ. ಆಮೇಲೆ ಅವನು ಅವನ ದಾರಿ ನೋಡ್ಕೊಳ್ಳಿ."

"ಮತ್ತೆ ಮಶಿನ್ನು ಯಾರು..."

"ನೀನು. ನಾಳೆಯಿಂದ ಆ ಕುರ್ಚಿ ನಿಂದು."

ವೈರಣ್ಣ ಹೊರಗೆ ಬಂದಾಗ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ. ಹೀಟರಿನ ಮುಂದೆ ತನ್ನ ಪಾದಗಳನ್ನು ಆಗಲೇ ಕಂಡ. ನಾಳೆಗೆ ಬೂಟಿಗೆ ಪಾಲಿಶ್ ಹಾಕಬೇಕು ಎಂದುಕೊಂಡ. ಬೂಟು ಇರಲಿಲ್ಲ, ಇದ್ದದ್ದು ಚಪ್ಪಲಿ. ಅದು ನೆನಪಾದದ್ದು ಆಮೇಲೆ.

ಹೇಳುವ ಮೊದಲು ದೋಷ ಯಾವುದೆಂದು ಒಮ್ಮೆ ನೋಡಿಬಿಡೋಣ ಎಂದು ವ್ಯಾನಿನ ಬಾನೆಟ್ಟು ಎತ್ತಿದ. ಅರ್ತ್ ಬೋಲ್ಟು ಗಟ್ಟಿಯಾಗಿತ್ತು, ಹೊಳೆಯುತ್ತಿತ್ತು. ಬಾಕ್ಸಿನ ಸಾಕೆಟ್ಟನ್ನು ಬೆರಳಲ್ಲಿ ಸ್ವಲ್ಪ ಅಲ್ಲಾಡಿಸಿದ. ಒಳಗೆ ಡ್ಯಾಶ್‌ಬೋರ್ಡಿನಲ್ಲಿ ಸುರುಳಿ ದೀಪ ಬಂತು. ಇನ್ನೊಮ್ಮೆ ಅಲ್ಲಾಡಿಸಿದ, ಹೋಯಿತು. ಸಾಕೆಟ್ಟು ಎಳೆದು ಬೆಳಕಿಗೆ ಹಿಡಿದ.

ತೆಳ್ಳನೆಯ ವೈರಿನ ಬಾಯಿ ಬಿಟ್ಟುಕೊಂಡಿತ್ತು. ಒಳಗಿನ ತಗಡಿನ ಪುಟ್ಟ ತುಟಿಗಳು ಬಾಕ್ಸಿನ ಮುಳ್ಳನ್ನು ಬಿಗಿಯಾಗಿ ಕಚ್ಚಬೇಕು. ಅವು ಅಗಲಕ್ಕೆ ತೆರೆದು, ಹಲ್ಲಿಲ್ಲದ ಮುದುಕನ ಬಾಯಿಯ ಹಾಗೆ ಸಡಿಲವಾಗಿದ್ದವು. ಕಚ್ಚಿದರೆ ಕಚ್ಚಿದವು, ಬಿಟ್ಟರೆ ಬಿಟ್ಟವು. ಗಾಡಿ ಕುಲುಕಿದಂತೆ ಮಾತು ಬರುತ್ತಿತ್ತು, ಹೋಗುತ್ತಿತ್ತು.

ಯಾಕೆಂದು ಅವನು ಯಾರನ್ನೂ ಕೇಳಬೇಕಾಗಿರಲಿಲ್ಲ. ಜೇಬಿನಲ್ಲಿದ್ದ ದಬ್ಬಣ ತೊಡೆಗೆ ಒತ್ತುತ್ತಿತ್ತು.

"ಅಣ್ಣ, ಸ್ವಲ್ಪ ಸರೀತೀರಾ?"

ಡಬ್ಬಿ ಪಕ್ಕದಲ್ಲಿ ನಿಂತಿದ್ದ. ಕೈಯಲ್ಲಿ ಗುಂಡುಸೂಜಿಗಿಂತ ತುಸು ದಪ್ಪದ ಹಿತ್ತಾಳೆಯ ಪಿನ್ನು. ಅದನ್ನು ಸಾಕೆಟ್ಟಿನ ಒಂದೊಂದು ಬಾಯಿಗೂ ಹಾಕಿ ಎಳೆದು ನೋಡಿದ. ತೆಳ್ಳನೆಯ ವೈರಿನದಕ್ಕೆ ಹಾಕಿದಾಗ ಅದು ತನ್ನಷ್ಟಕ್ಕೆ ಜಾರಿ ಬಿತ್ತು.

"ಇದರೊಳಗೆ ಯಾರೋ ದಪ್ಪದ್ದೇನೋ ತೂರಿಸಿದಾರೆ," ಎಂದ. ಆಮೇಲೆ ಅವನ ಕಣ್ಣು ವೈರಣ್ಣನ ಜೇಬಿನಿಂದ ನೇತಾಡುತ್ತಿದ್ದ ಬಲ್ಬಿನ ಮೇಲೆ ನಿಂತಿತು.  ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

"ಅವತ್ತು ಬಾಕ್ಸ್ ಹೋಗಿದೆ ಅಂತ ನೀವು ಯಾಕೆ ಅಂದ್ರಿ?" ವೈರಣ್ಣ ತಪ್ಪನ್ನು ಆಚೆಗೆ ತಳ್ಳಲು ನೋಡಿದ.

"ನಾನು ಅಂದಿಲ್ಲ. ಸಂಪರ್ಕ ಕಡಿದಿದೆ ಅಂದೆ. ಯಾಕೆ ಕಡಿದಿದೆ, ಅರ್ತಾ, ವೈರಾ, ಬಾಕ್ಸಾ ಅಂತ ಕೈಯಲ್ಲಿ ನೋಡ್ಬೇಕು. ನಂಗೆ ಗಾಡಿ ಮುಟ್ಟೋಕೆ ಬಿಡಲ್ಲ ಅಣ್ಣ."

"ಬಿಡಲ್ಲ ಅಂದ್ರೆ?"

"ಗಿರಾಕಿ ಬಂದಾಗ ಕುರ್ಚಿ ಖಾಲಿ ಇರಬಾರ್ದಂತೆ. ಶೋಗೆ ಕೂರಿಸಿದಾರೆ ನನ್ನ, ಬಟ್ಟೆ ಅಂಗಡಿ ಗೊಂಬೆ ಹಂಗೆ. ಕೆಲಸ ಖಾಯಂ ಮಾಡಿ ಅಂತ ಕೇಳಿದ್ರೆ, ವೈರಣ್ಣನ ಕೈ ನಿಂಗೆ ಬರ್ಲಿ, ಆಮೇಲೆ ನೋಡೋಣ ಅಂತಾರೆ."

"ನಂಗೆ ಸಂಬಳ ಜಾಸ್ತಿ ಮಾಡಿ ಅಂದ್ರೆ, ಸಾರ್ ಅಷ್ಟು ನೀನು ಓದಿದೀಯಾ ಅಂತಾರೆ."



"ಮಧ್ಯಾಹ್ನ ನೀವೆಲ್ಲ ಟೈರ್ ಮೇಲೆ ಕೂತು ಉಣ್ತೀರಲ್ಲ," ಡಬ್ಬಿ ಪಿನ್ನನ್ನು ನೋಡುತ್ತಾ ಹೇಳಿದ, "ಗಾಜಿನಿಂದ ನೋಡಿ ನೋಡಿ ಎಷ್ಟು ಹೊಟ್ಟೆ ಉರ್ಕೊಂಡಿದೀನಿ ಗೊತ್ತಾ? ಎಲ್ಲರೂ ನಿಮ್ಮನ್ನ ಅಣ್ಣ ಅಂತಾರೆ. ನಾನು ಹೊರಗೆ ಬಂದ್ರೆ ಮಾತೇ ನಿಲ್ಲಿಸ್ತಾರೆ."

ನಾಚಿಕೆಯ ಸಂಗತಿ, ಆದರೆ ನಿಜ. ಅದನ್ನು ಕೇಳಿ ವೈರಣ್ಣನಿಗೆ ಮೊದಲು ಆದದ್ದು ಖುಷಿ. ತನ್ನ ಮೇಲೂ ಹೊಟ್ಟೆ ಉರಿದುಕೊಳ್ಳುವವರು ಇದ್ದಾರೆ! ಆ ಖುಷಿಯಲ್ಲಿ ಅವನ ನಾಲಗೆ ಸಡಿಲವಾಯಿತು. "ಹೋಗ್ಲಿ ಬಿಡಿ, ಇದೇನು ಮಹಾ. ಹಳೇ ಬಾಕ್ಸ್ ಕಪಾಟಲ್ಲಿ ಇರುತ್ತೆ, ಕಂಪನಿಗೆ ಹೋಗೋ ಮುಂಚೆ ಅದನ್ನೇ ಆಯಮ್ಮಂಗೆ ವಾಪಸ್ ಹಾಕ್ಬಹುದು. ನಾನೇ ಥಿನ್ನರಲ್ಲಿ ತೊಳೆದು ಇಟ್ಟಿದೀನಿ."

"ಏನಲ್ಲಿ ತೊಳೆದು?"

"ಥಿನ್ನರ್. ತೆಗೆದಿದ್ದನ್ನೆಲ್ಲ ತೊಳೆದೇ ಇಡೋದು."

ಡಬ್ಬಿ ನಿಧಾನವಾಗಿ ಕೇಳಿದ. "ಹೊಸ ಬಾಕ್ಸು ಪ್ಯಾಕೆಟ್ ಕತ್ತರಿಸಿ ತೆಗೆಯೋನು ನಾನು. ತೆಗೆದ ಕೂಡಲೇ ಘಮ್ ಅನ್ನುತ್ತೆ ಅಣ್ಣ. ನಾನು ಅದನ್ನ ಹೊಸ ಮಾಲಿನ ವಾಸನೆ ಅಂದ್ಕೊಂಡಿದ್ದೆ."

ವೈರಣ್ಣ ವ್ಯಾನಿನಲ್ಲಿದ್ದ ಬಾಕ್ಸನ್ನು ಬಿಚ್ಚಿ ಮೂಗಿಗೆ ಹಿಡಿದ. ವಾಸನೆ ಹೋಗಿತ್ತು. ಹಿಂಬದಿಯನ್ನು ತಿರುಗಿಸಿ ನೋಡಿದ. ತಿರುಪಿನ ಸಂದಿಯಲ್ಲಿ, ಬಟ್ಟೆ ಹೋಗದ ಜಾಗದಲ್ಲಿ, ಹಳೆಯ ಗಾಡಿಯೊಂದರ ಮಣ್ಣು ಹಾಗೇ ಕೂತಿತ್ತು. ಯಾವ ಗಾಡಿಯದೋ. ಅದೂ ಸಾಯದೆಯೇ ಸತ್ತ ಬಾಕ್ಸು ಎಂದು ಬಿಚ್ಚಿದ್ದು. ತೊಳೆದವನು ತಾನು, ಹೊಸ ಪ್ಯಾಕೆಟ್ಟಿಗೆ ತುಂಬಿದವರು ಯಜಮಾನರು, ಅದನ್ನು ಕತ್ತರಿಸಿದವನು ಇವನು. ಒಂದು ದಿನ, ಒಂದೇ ಒಂದು ದಿನ, 'ನಮಸ್ಕಾರ ಅಣ್ಣ' ಎಂದವನಿಗೆ 'ನಮಸ್ಕಾರ, ಏನ್ ಸಮಾಚಾರ' ಎಂದಿದ್ದರೆ ಗೊತ್ತಾಗಿಬಿಡುತ್ತಿತ್ತು.

ಡಬ್ಬಿ ಸಣ್ಣ ಇಕ್ಕಳದಿಂದ ತಗಡಿನ ತುಟಿಗಳನ್ನು ಮೆಲ್ಲಗೆ ಹತ್ತಿರ ತಂದ. ವೈರಣ್ಣ ಬೆಳಕು ಹಿಡಿದ. "ಇನ್ನೊಂದು ಕೂದಲೆಳೆ," ಎಂದ. "ಸಾಕು, ಸಾಕು, ಮುರಿದೀತು." ಪಿನ್ನು ಹಾಕಿ ಎಳೆದರು. ಕಚ್ಚಿಕೊಂಡಿತು. ಬಾಕ್ಸನ್ನು ಮತ್ತೆ ಕೂರಿಸಿ ಕೀ ತಿರುಗಿಸಿದರು. ಸುರುಳಿ ದೀಪ ನೆಟ್ಟಗೆ ಉರಿದು ಆರಿತು. ಎಂಜಿನ್ನು ಒಂದೇ ಸುತ್ತಿಗೆ ಎದ್ದಿತು.

ಸದ್ದು ಕೇಳಿ ಯಜಮಾನರು ಅಂಗಳಕ್ಕೆ ಬಂದರು. ಬ್ರೆಡ್ಡಕ್ಕ ಓಡಿಬಂದಳು. ಗಾಡಿ ಬಿಟ್ಟುಹೋಗಲು, ಒಯ್ಯಲು ಬಂದಿದ್ದ ಡ್ರೈವರುಗಳು ಸುತ್ತ ಸೇರಿದರು. ಟ್ಯಾಂಕರಿನವನು, ಶಾಲೆ ವ್ಯಾನಿನ ಮಾವ, ಆಸ್ಪತ್ರೆಯ ಬಟ್ಟೆ ಸಾಗಿಸುವವನು.

"ಹೇಳು ವೈರಣ್ಣ, ಏನಾಗಿತ್ತು?" ಯಜಮಾನರು ಮೆತ್ತಗೆ ಕೇಳಿದರು. ಕಣ್ಣಿನಲ್ಲಿ ಕುರ್ಚಿ ತೋರಿಸಿದರು.

ವೈರಣ್ಣ ಡಬ್ಬಿಯ ಕಡೆ ನೋಡಿದ. ಈಗಲೂ, ಇಷ್ಟಾದರೂ, ಅವನ ಬೂಟು ಕಂಡು ಒಳಗೆ ಚುಳ್ ಎಂದಿತು. ಒಂದು ಮಾತು ಸಾಕು. ಯಾರಿಗೂ ಗೊತ್ತಾಗುವುದಿಲ್ಲ.

"ನಾನು ಹಾಳು ಮಾಡ್ದೆ ಅಕ್ಕ," ಎಂದ. ದನಿ ಕೀರಲಾಗಿ ಬಂತು. "ಸಾರ್ ಸರಿಯಾಗೇ ಓದಿದ್ರು. ಮೊದಲ ಸಲ ಅರ್ತ್ ತುಕ್ಕು ಹಿಡಿದಿತ್ತು, ಉಜ್ಜಿ ಸರಿ ಮಾಡ್ದೆ. ಅಲ್ಲಿಗೆ ಬಿಡದೆ ಇವರ ಮೇಲಿನ ಸಿಟ್ಟಿಗೆ ಸಿಕ್ಕಸಿಕ್ಕಲ್ಲಿ ದಬ್ಬಣ ಚುಚ್ಚಿದೆ. ಈ ಸಲದ ದೋಷ ನಂದು. ನಿನ್ನ ಬಾಕ್ಸು ಅವತ್ತೂ ಚೆನ್ನಾಗಿತ್ತು. ಗೊತ್ತಿದ್ದೂ ಬದಲಾಯಿಸ್ದೆ."

ಬ್ರೆಡ್ಡಕ್ಕ ಅವನನ್ನು ದಿಟ್ಟಿಸಿದಳು. ಅವಳಿಗೆ ಅಣ್ಣ ಎಂದು ಕರೆಯಲು ಬಾಯಿ ಬರಲಿಲ್ಲ.

"ನಿನ್ನ ಹೊಟ್ಟೆಕಿಚ್ಚಲ್ಲಿ ನನ್ನ ಬ್ರೆಡ್ಡು ಸುಟ್ಟೆಯಲ್ಲೋ ಪಾಪಿ!"

"ಹೌದಕ್ಕ."

"ಹೌದಂತೆ! ಹೌದಕ್ಕ ಅಂದ್ರೆ ಮುಗೀತಾ?"

"ಮುಗೀಲಿಲ್ಲ. ನಿಂಗೆ ಹಾಕಿದ್ದು ಹೊಸ ಬಾಕ್ಸಲ್ಲ. ಯಾರದೋ ಗಾಡಿದು. ನಾನೇ ತೊಳೆದು ಕೊಟ್ಟಿದ್ದು. ಕಂಪನಿಗೆ ಹೋಗುತ್ತೆ ಅಂದ್ಕೊಂಡಿದ್ದೆ."

"ನಾನೇ ಪ್ಯಾಕೆಟ್ ಕತ್ತರಿಸಿದ್ದು," ಡಬ್ಬಿ ಪಕ್ಕದಿಂದ ಹೇಳಿದ. "ಹೊಸದು ಅಂದ್ಕೊಂಡಿದ್ದೆ."



ಮೊದಲು ಬಾಯಿ ತೆರೆದದ್ದು ಶಾಲೆ ವ್ಯಾನಿನ ಮಾವ. "ಹೋದ ತಿಂಗಳು ನನ್ನ ಗಾಡಿಗೆ ಹಾಕಿದ್ದು?"

ವೈರಣ್ಣ ತಲೆ ತಗ್ಗಿಸಿದ. "ನಿಮ್ಮದು ತೆಗೆದದ್ದೂ ನಾನೇ ತೊಳೆದೆ ಮಾವ. ಎಲ್ಲಿ ಹೋಯ್ತೋ."

"ನಂದು?" ಆಸ್ಪತ್ರೆ ಬಟ್ಟೆಯವನು ಕೇಳಿದ.

"ಲೋ, ನಿಂದು ನನ್ನ ಗಾಡೀಲಿದೆಯೋ ಏನೋ, ನೋಡ್ಕೋ," ಟ್ಯಾಂಕರಿನವನು ಎಂದ. "ಅದಕ್ಕೇ ಇರ್ಬೇಕು, ನನ್ನ ಟ್ಯಾಂಕರ್ ಆಸ್ಪತ್ರೆ ಕಂಡ್ರೆ ನಿಲ್ಲುತ್ತೆ."

ಯಾರೂ ನಗಲಿಲ್ಲ. ಅವನೂ ನಗಿಸಲು ಹೇಳಿರಲಿಲ್ಲ.

ಯಜಮಾನರ ದನಿ ಮೊದಲ ಸಲ ಏರಿತು. "ಕುಡಿದು ಬಂದಿದಾನೆ ಇವನು. ಇಬ್ಬರೂ ಈಗಲೇ ಹೊರಗೆ ನಡೀರಿ! ಎಲ್ಲರೂ ಗಾಡಿ ತಗೊಂಡು ನಡೀರಿ, ಗ್ಯಾರೇಜ್ ಮುಚ್ತಿದೀನಿ. ಕಪಾಟಿನ ಕೀ ಎಲ್ಲಿ?" ಅವರು ಕೋಣೆಯ ಕಡೆ ಓಡಿದರು. ಕಪಾಟು ಖಾಲಿ ಮಾಡುವ ಆತುರ ಅದು ಎಂದು ಯಾರೂ ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಬಾಕ್ಸುಗಳು ಗೇಟು ದಾಟಿದರೆ ಮುಗಿಯಿತು. ಆಮೇಲೆ ಯಾವುದು ಯಾರದೆಂದು ಹೇಳುವವರು ಕೆಲಸ ಕಳೆದುಕೊಂಡ ಇಬ್ಬರು ಮಾತ್ರ.

ಅಷ್ಟರಲ್ಲಿ ಬ್ರೆಡ್ಡಕ್ಕನ ಫೋನು ಬಡಿದುಕೊಂಡಿತು. ಅವಳು ಕಿವಿಗಿಟ್ಟುಕೊಂಡು ಕೇಳಿದಳು. "ಗಾಡಿ ಸರಿಯಾಯ್ತು ಸಾರ್, ಈಗ ತಾನೆ..." ಎಂದಳು. ಆಮೇಲೆ, "ಸಾಯಂಕಾಲದವರೆಗೆ ಅಂದಿದ್ರಲ್ಲಾ?" ಎಂದಳು.  ಫೋನನ್ನು ಸೆರಗಿನ ಗಂಟಿಗೆ ಹಾಕಿಕೊಂಡಳು. ಫ್ಯಾಕ್ಟರಿಯವರು ಆಗಲೇ ಬೇರೆ ವ್ಯಾನು ಗೊತ್ತುಮಾಡಿದ್ದರು.

ಅವಳು ಅಳುತ್ತಾಳೆ ಎಂದುಕೊಂಡ ವೈರಣ್ಣ. ಅವಳು ವ್ಯಾನು ಹತ್ತಿದಳು. ಹಿಂದಕ್ಕೆ ತೆಗೆದು, ತಿರುಗಿಸಿ, ಗೇಟಿನ ಬಾಯಿಗೆ ಅಡ್ಡಲಾಗಿ ತಂದು ನಿಲ್ಲಿಸಿದಳು.

ಯಜಮಾನರು ತಮ್ಮ ಕಾರಿನ ಡಿಕ್ಕಿಯಲ್ಲಿ ಗೋಣಿಚೀಲವೊಂದನ್ನು ತುರುಕಿ ಗೇಟಿಗೆ ಬಂದರು. ಹಾರ್ನು ಒತ್ತಿದರು. ಇಳಿದು ಬಂದು ಅವಳ ಕಿಟಕಿ ಬಡಿದರು. "ಗಾಡಿ ತೆಗಿಯಮ್ಮ ಪಕ್ಕಕ್ಕೆ!"

ಬ್ರೆಡ್ಡಕ್ಕ ಕೀ ತಿರುಗಿಸಿದಳು. ಎಂಜಿನ್ನು ನಿಂತಿತು. ಕೀಯನ್ನು ಎಳೆದು ಕುಪ್ಪಸದೊಳಗೆ ಇಳಿಬಿಟ್ಟಳು.

"ಸ್ಟಾರ್ಟ್ ಆಗ್ತಿಲ್ಲ ಯಜಮಾನ್ರೆ."

"ಈಗ ತಾನೆ ಓಡ್ತಿತ್ತಲ್ಲ!"

"ಓಡ್ತಿತ್ತು. ಈಗ ಆಗ್ತಿಲ್ಲ."

ಯಜಮಾನರು ಹಿಂದಕ್ಕೆ ತಿರುಗಿದರು. ಅವರ ಕಾರಿನ ಬೆನ್ನಿಗೆ ಟ್ಯಾಂಕರು ಬಂದು ನಿಂತಿತ್ತು. ಅದರ ಎಂಜಿನ್ನೂ ಒಮ್ಮೆ ನಡುಗಿ ಸುಮ್ಮನಾಯಿತು. "ನಂದೂ ಆಗ್ತಿಲ್ಲ," ಟ್ಯಾಂಕರಿನವನು ಮೇಲಿಂದ ಕೂಗಿದ. ಆಮೇಲೆ ಶಾಲೆ ವ್ಯಾನು. ಆಮೇಲೆ ಆಸ್ಪತ್ರೆಯದು. ಒಂದೊಂದಾಗಿ ಅಂಗಳದ ಎಂಜಿನ್ನುಗಳೆಲ್ಲ ನಿಂತವು.

"ಏಯ್, ನೀವಿಬ್ರೂ!" ಯಜಮಾನರು ಅರಚಿದರು. "ಬಂದು ನೋಡ್ರೋ! ಇವುಗಳನ್ನ ಸ್ಟಾರ್ಟ್ ಮಾಡ್ರೋ!"

ವೈರಣ್ಣ ಡಬ್ಬಿಯ ಮುಖ ನೋಡಿದ. ಡಬ್ಬಿ ವೈರಣ್ಣನ ಮುಖ ನೋಡಿದ.

"ನಮ್ಮನ್ನ ಕೆಲಸದಿಂದ ತೆಗೆದಿದೀರಲ್ಲಾ ಯಜಮಾನ್ರೆ," ವೈರಣ್ಣ ಹೇಳಿದ. "ಗಾಡಿ ಮುಟ್ಟೋಕೆ ನಾವ್ಯಾರು? ಮೊದಲು ಆ ಡಿಕ್ಕಿ ತೆಗೀರಿ."